ಗಾಜಿನ ಪೆಟ್ಟಿಗೆಯ ಸುಲ್ತಾನ

ಶಿಮೋನಿ ಎಂಬ ಬಂದರೂರಿನ ಕಡಲಲ್ಲಿ ಮುಳುಗಿ ಬಣ್ಣದ ಮೀನು ಹಿಡಿಯುವವರಲ್ಲಿ ಕೊಂಬೊ ಶೇನಂಥವನು ಹಿಂದೆ ಹುಟ್ಟಿರಲಿಲ್ಲ, ಮುಂದೆ ಹುಟ್ಟುವ ಧೈರ್ಯವನ್ನು ಯಾರೂ ಮಾಡಲಾರರು. ಅವನು ಒಮ್ಮೆ ಉಸಿರೆಳೆದು ನೀರಿಗಿಳಿದನೆಂದರೆ ದಂಡೆಯ ಮೇಲಿಟ್ಟ ಅನ್ನ ಬೆಂದು, ಉಂಡು, ಪಾತ್ರೆ ತೊಳೆದು ಕವುಚಿಟ್ಟರೂ ಮೇಲೆ ಬರುತ್ತಿರಲಿಲ್ಲ. ಅವನ ಕೈಬಲೆ ಕಂಡು ಮೀನುಗಳು ಓಡುತ್ತಿರಲಿಲ್ಲ, ಸಾಲಾಗಿ ನಿಂತು ಸರದಿ ಕಾಯುತ್ತಿದ್ದವು. ಇದನ್ನೆಲ್ಲ ಹೇಳಿದವನು ಕೊಂಬೊನೇ ಆದ್ದರಿಂದ ಅನುಮಾನಕ್ಕೆ ಎಡೆಯಿಲ್ಲ.

ಇಂಥ ಶೂರ ಮದುವೆಯಾದ ಮೇಲೆ ಒಂದು ಹತ್ತಿಯ ಪರದೆಗೆ ಸೋತುಹೋಗಿದ್ದ.

ಅವನ ಹೆಂಡತಿ ರಿಜೀಕಿಯ ಮನೆತನದಲ್ಲಿ ಹೆಣ್ಣುಮಕ್ಕಳು ಮನೆ ಬಿಟ್ಟು ಹೋಗುವುದಿಲ್ಲ. ಅಳಿಯನೇ ಚಾಪೆ ಸುತ್ತಿಕೊಂಡು ಬರಬೇಕು. ಬಂದವನಿಗೆ ಸಿಕ್ಕಿದ್ದು ಒಳಕೋಣೆಯ ಅರ್ಧ. ಉಳಿದರ್ಧದಲ್ಲಿ ಅತ್ತೆಯ ಮಂಚ. ಊರೆಲ್ಲ ಗೌರವದಿಂದ ಬಿ ಕೌಥರ್ ಎನ್ನುವ ಆ ಮಹಾತಾಯಿ, ಮಹಡಿಯ ಕೋಣೆಗಳನ್ನು ಡಾಲ್ಫಿನ್ ನೋಡಲು ಬರುವ ಅತಿಥಿಗಳಿಗೆ ಬಿಟ್ಟು ತಾವು ಪರದೆಯ ಆಚೆ ಮಲಗುತ್ತಿದ್ದರು. ಅವರ ಕಿವಿ ಎಷ್ಟು ಸೂಕ್ಷ್ಮವೆಂದರೆ ಹೊಳೆಯಾಚೆ ತೆಂಗಿನಕಾಯಿ ಬಿದ್ದರೆ ಯಾರ ಮರದ್ದೆಂದು ಹೇಳಬಲ್ಲರು. ಪರದೆಯ ಈಚೆ ಗಂಡ ಹೆಂಡತಿ ಪಿಸುಗುಟ್ಟಿದರೆ ಸಾಕು, ಆಚೆಯಿಂದ ಒಂದು ಕೆಮ್ಮು. ನಕ್ಕರೆ ಎರಡು ಕೆಮ್ಮು. ಮಂಚ ಕಿರುಗುಟ್ಟಿತೋ, ಆ ಕೆಮ್ಮಿಗೆ ಬಂದರಿನ ದೋಣಿಗಳು ಲಂಗರು ಕಿತ್ತುಕೊಳ್ಳುತ್ತಿದ್ದವು. ಮದುವೆಯಾಗಿ ಐದು ತಿಂಗಳಾದರೂ ಕೊಂಬೊ ಹೆಂಡತಿಯೊಡನೆ ಮನಸ್ಸು ಬಿಚ್ಚಿ ಮಾತಾಡಿದ್ದೆಂದರೆ ಬಾವಿಕಟ್ಟೆಯ ಹತ್ತಿರ ಮಾತ್ರ.

ಆ ಮನೆಗೆ ಮುಂಭಾಗದಲ್ಲೊಂದು ಕೋಣೆಯಿತ್ತು. ಸಮುದ್ರದ ಕಡೆಗೆ ಕಿಟಕಿ, ಕೆತ್ತನೆಯ ಬಾಗಿಲು, ಒಳಗಿನಿಂದ ಹಾಕಿಕೊಳ್ಳಲು ಅಗುಳಿ. ಕೊಂಬೊನಿಗೆ ಸ್ವರ್ಗ ಎಂದರೆ ಆ ಅಗುಳಿ. ಕೋಣೆಯ ಕೀಲಿ ಬಿ ಕೌಥರ್ ಅವರ ಸೊಂಟದಲ್ಲಿ. ಕೋಣೆಯನ್ನು ಅವರು ದೊಡ್ಡ ಅತಿಥಿಗಳಿಗೆಂದು ಕಾದಿರಿಸಿದ್ದರು. ಆ ದೊಡ್ಡವರು ಇನ್ನೂ ಬಂದಿರಲಿಲ್ಲ.

ಬಂದದ್ದು ಒಂದು ಗಾಜಿನ ಪೆಟ್ಟಿಗೆ. ಬಿ ಕೌಥರ್ ಒಂದು ಕಾಲದಲ್ಲಿ ಡಿಯಾನಿಯ ಹೋಟೆಲೊಂದಕ್ಕೆ ಪಿಲಾವ್ ಮಾಡಿಕೊಡುತ್ತಿದ್ದರು. ಹೋಟೆಲು ಮುಚ್ಚುವಾಗ ಅದರ ಯಜಮಾನ ಪ್ರೀತಿಯಿಂದ ಕಳಿಸಿದ ಪೆಟ್ಟಿಗೆ, ಜೊತೆಗೆ ಗಾಳಿ ಊದುವ ಯಂತ್ರ. ಅಳತೆಯಲ್ಲಿ ಅದು ಮಗುವಿನ ತೊಟ್ಟಿಲಿಗಿಂತ ಗೇಣುದ್ದ ದೊಡ್ಡದು. ಮನೆಯಲ್ಲೆಲ್ಲ ತಂಪಾದ ಜಾಗವೆಂದು ಅದನ್ನು ಮುಂಗೋಣೆಯಲ್ಲಿ ಇರಿಸಿ, ಬಿ ಕೌಥರ್ ಅಳಿಯನನ್ನು ಕರೆಸಿದರು.

“ಕಡಲಲ್ಲಿರೋ ಮೀನೆಲ್ಲ ನಿನ್ನ ನೆಂಟರು ಅಂತೀಯಲ್ಲ. ಇದರೊಳಗೆ ಒಂದಿಷ್ಟು ನೆಂಟರನ್ನ ತಂದು ಬಾಳಿಸು ನೋಡೋಣ. ಮೌಲಿದ್ ಹಬ್ಬದ ದಿನ ನಾನೇ ಬಂದು ನೋಡ್ತೀನಿ. ಪೆಟ್ಟಿಗೆ ತುಂಬಿರಬೇಕು, ಒಂದರ ಬಾಲಾನೂ ಹರಿದಿರಬಾರದು. ಹಾಗಿದ್ರೆ ಪೆಟ್ಟಿಗೆ ಪಡಸಾಲೆಗೆ, ಕೋಣೆ ನಿಮಗೆ. ಅತಿಥಿಗಳು ಮೀನು ನೋಡ್ಕೊಂಡು ಮಹಡೀಲೇ ಖುಷಿಯಾಗಿರ್ತಾರೆ.”

“ಹರಿದಿದ್ರೆ, ಅತ್ತೆ?”

“ಪರದೆ ಗಟ್ಟಿಯಾಗೇ ಇದೆ.”

ಅವತ್ತು ಸಂಜೆ ಕಾಫಿ ಜಗಲಿಯ ಮೇಲೆ ಕೊಂಬೊ ಕೂತಿದ್ದ ಠೀವಿ ನೋಡಬೇಕಿತ್ತು. ಕಡಲನ್ನೇ ಮಡಚಿ ಪೆಟ್ಟಿಗೆಯಲ್ಲಿಡುತ್ತೇನೆ ಎಂದ. ಬಗೆಬಗೆಯ ಹನ್ನೆರಡು ಮೀನು, ಹನ್ನೆರಡೂ ಒಂದೇ ತಟ್ಟೆಯಲ್ಲಿ ಉಣ್ಣುತ್ತವೆ ಎಂದ. ಶುಂಠಿ ಕಾಫಿ ಹೀರುತ್ತಿದ್ದ ಅಥ್ಮಾನಿ ಇದನ್ನೆಲ್ಲ ಕಣ್ಣು ಮುಚ್ಚಿಕೊಂಡು ಕೇಳಿದ. ಅಥ್ಮಾನಿ ರಿಜೀಕಿಯ ಸೋದರಮಾವನ ಮಗ. ನಮ್ಮ ಕಡೆ ಇಂಥ ನಂಟಿನಲ್ಲಿ ಗೇಲಿ ಮಾಡುವುದು ಹಕ್ಕು: ಅವನು ಕೊಂಬೊನನ್ನು ಬಯ್ಯಬಹುದು, ಕೊಂಬೊ ಅವನನ್ನು ಬಯ್ಯಬಹುದು, ಕೋಪ ಮಾಡಿಕೊಳ್ಳುವ ಹಕ್ಕು ಮಾತ್ರ ಇಬ್ಬರಿಗೂ ಇಲ್ಲ.

“ಭಾವ, ಒಬ್ಬ ಅತ್ತೆ ಜೊತೆ ಒಂದು ಕೋಣೇಲಿ ಬಾಳೋಕೆ ಆಗ್ತಿಲ್ಲ ನಿನಗೆ. ಹನ್ನೆರಡು ಮೀನಿಗೆ ಬುದ್ಧಿ ಹೇಳ್ತೀಯಾ?”

ಜಗಲಿ ನಕ್ಕ ಸದ್ದಿಗೆ ಎದುರಿನ ಬೇವಿನ ಮರದ ಎಲೆಯೆಲ್ಲ ಉದುರಿತು.

ಕೊಂಬೊ ಗೊತ್ತಿಲ್ಲದೆ ಬಡಾಯಿ ಕೊಚ್ಚುವವನಲ್ಲ, ಇದನ್ನು ಮಾತ್ರ ನಿಜವಾಗಿ ಹೇಳಬೇಕು. ಯಾವ ಮೀನು ಯಾವ ಬಂಡೆಯ ಯಾವ ಸಂದಿಯಲ್ಲಿ ಯಾವ ಕಡೆಗೆ ತಲೆ ಹಾಕಿ ಮಲಗುತ್ತದೆ ಎಂಬುದು ಅವನಿಗೆ ತನ್ನ ಹಲ್ಲುಗಳಷ್ಟೇ ಪರಿಚಿತ. ಆದರೆ ಅವನ ಕಸುಬಿನ ಪರಿ ಬೇರೆ. ಹಿಡಿದ ಪ್ರತಿಯೊಂದು ಮೀನನ್ನೂ ತೂತು ಕೊರೆದ ಬಾಟಲಿಯಲ್ಲಿ ಒಂಟಿಯಾಗಿ ಹಾಕಿ, ಬಾಟಲಿಯನ್ನು ನೀರಿನಲ್ಲಿ ತೇಲಿಬಿಟ್ಟು, ಮಾರನೆಯ ದಿನ ಮೊಂಬಾಸಾದ ಲಾರಿಗೆ ಏರಿಸುವುದು. ಹೀಗಾಗಿ ಇಷ್ಟು ವರ್ಷಗಳಲ್ಲಿ ಅವನು ಮೀನುಗಳನ್ನು ನೋಡಿದ್ದು ಎರಡೇ ಕಡೆ: ಕೊನೆಯಿಲ್ಲದ ಕಡಲಿನಲ್ಲಿ, ಇಲ್ಲವೇ ಒಂಟಿ ಸೆರೆಯಲ್ಲಿ. ನಾಲ್ಕು ಗೋಡೆಯೊಳಗೆ ಎರಡು ಮೀನು ಒಟ್ಟಿಗೆ ಹೇಗಿರುತ್ತವೆಂದು ಅವನೂ ನೋಡಿರಲಿಲ್ಲ, ಅವನಪ್ಪನೂ ನೋಡಿರಲಿಲ್ಲ. ಕಡಲಲ್ಲಿ ಅಕ್ಕಪಕ್ಕ ಇರುವವರು ಪೆಟ್ಟಿಗೆಯಲ್ಲೂ ಅಕ್ಕಪಕ್ಕ ಇರುತ್ತಾರೆಂದು ಅವನ ಲೆಕ್ಕ.

ಮರಳು ಹಾಸಿ, ಪಾಚಿ ಹಿಡಿದ ಜೀವಂತ ಕಲ್ಲುಗಳನ್ನು ಪೇರಿಸಿ, ಕಡಲ ನೀರು ತುಂಬಿ ಕೆಲವು ವಾರ ಹಾಗೆಯೇ ಬಿಟ್ಟ. ನೀರು ಹದಕ್ಕೆ ಬಂದಮೇಲೆ ಮೊದಲ ನಿವಾಸಿಯಾಗಿ ಒಂದು ಕರಿಮೀನಿನ ಮರಿಯನ್ನು ತಂದ. ಇದ್ದಿಲಿನಂಥ ಕಪ್ಪು, ಹಣೆಗೊಂದು ಪಕ್ಕಗಳಿಗೊಂದೊಂದು ಬಿಳಿ ಚುಕ್ಕೆ. ಹೆಬ್ಬೆರಳಿನ ಗಾತ್ರ. ಗಟ್ಟಿ ಜೀವ, ಬಿಸಿ ಕಾಫಿಯಲ್ಲಿ ಹಾಕಿದರೂ ಸಕ್ಕರೆ ಸಾಲದು ಎನ್ನುವಂಥದ್ದು. ನೀರು ಹಿಡಿಸುತ್ತದೋ ಇಲ್ಲವೋ ಅದರ ಮೇಲೆ ನೋಡಿಬಿಡೋಣ ಎಂದು ಮೊದಲು ಅದನ್ನೇ ಬಿಟ್ಟ. ತಪ್ಪಾದದ್ದು ಅಲ್ಲೇ.

ಒಂದು ವಾರ ಕರಿಮರಿ ಒಂಟಿಯಾಗಿ ಆ ಅರಮನೆಯಲ್ಲಿ ತಿರುಗಿತು. ಬಿ ಕೌಥರ್ ಸ್ಟೂಲು ಎಳೆದುಕೊಂಡು ಅದರೆದುರು ಕೂತು ಮಹಾಮ್ರಿ ಎಂಬ ಕರಿದ ಸಿಹಿರೊಟ್ಟಿಯ ಹಿಟ್ಟು ನಾದಿದರು. ಗಾಜಿಗೆ ಬೆರಳು ಇಟ್ಟರೆ ಮರಿ ಬೆರಳನ್ನೇ ಕಚ್ಚಲು ಬರುತ್ತಿತ್ತು. ತಮ್ಮ ಜೀವಮಾನದಲ್ಲಿ ತಮಗೆ ಎದುರು ನಿಂತ ಮೊದಲ ಗಂಡುಜೀವ ಅದೆಂದು ಮೆಚ್ಚಿ ಸುಲ್ತಾನ ಎಂದು ಹೆಸರಿಟ್ಟರು.

ಆಮೇಲೆ ಕೊಂಬೊ ಉಳಿದವರನ್ನು ತಂದ. ಬಾಲದ ಬುಡದಲ್ಲಿ ಚೂರಿ ಇಟ್ಟುಕೊಂಡ ನೀಲಿ ಮೀನು, ಹಳದಿ ಚಿಟ್ಟೆಮೀನು, ಕಡ್ಡಿಯಷ್ಟು ತೆಳ್ಳಗಿನ ನಾಚಿಕೆಯ ಬೆಂಕಿಬಾಲ, ಬೇರೆ ಬೇರೆ ಕಡಲಹೂಗಳಿಂದ, ಅಂದರೆ ಹೂವಿನಂತೆ ಅರಳುವ ಕಡಲಜೀವಿಗಳಿಂದ, ಎತ್ತಿದ ಎರಡು ದಪ್ಪ ಕೋಡಂಗಿ ಮೀನು. ಸುಲ್ತಾನನೂ ಸೇರಿ ಎಲ್ಲ ಕೂಡಿದರೆ ಹನ್ನೆರಡರ ಅರ್ಧ. ಇನ್ನರ್ಧ ನಾಳೆ ಎಂದು ಹೇಳಿ ಕೈ ಒರೆಸಿಕೊಂಡ.

ಆ ನಾಳೆ ಬರಲಿಲ್ಲ. ಸುಲ್ತಾನ ಪೆಟ್ಟಿಗೆಯ ಆ ಮೂಲೆಯಿಂದ ಈ ಮೂಲೆಯವರೆಗೆ ಎಲ್ಲರಿಂದಲೂ ಕಪ್ಪ ವಸೂಲಿ ಮಾಡಿದ. ತನಗಿಂತ ಐದು ಪಟ್ಟು ದೊಡ್ಡ ನೀಲಿಯನ್ನು ಅಟ್ಟಾಡಿಸಿದ್ದಕ್ಕೆ ಅದರ ನೀಲಿಯೇ ಬಿಳಿಚಿಕೊಂಡಿತು. ಕಡಲಲ್ಲಿ ದಿನಕ್ಕೆ ಊರೂರು ಸುತ್ತುವ ಪ್ರಾಣಿ ಅದು. ಇಲ್ಲಿ ತಿರುಗಿದಲ್ಲೆಲ್ಲ ಗಾಜಿಗೆ ಮೂತಿ. ಚಿಟ್ಟೆಮೀನು ಅನ್ನ ನೀರು ಬಿಟ್ಟು ಕಲ್ಲಿನ ಹಿಂದೆ ತಪಸ್ಸಿಗೆ ಕೂತಿತು. ಎರಡು ಕೋಡಂಗಿಗಳು ಸುಲ್ತಾನನನ್ನು ಮರೆತು ಒಂದನ್ನೊಂದು ಬಾಯಿ ಬಾಯಿ ಹಿಡಿದು ಎಳೆದಾಡಿದವು. ಬೆಂಕಿಬಾಲವಂತೂ ಈ ಸಂಸಾರವೇ ಬೇಡವೆಂದು ಪೆಟ್ಟಿಗೆಯಿಂದ ಹೊರಕ್ಕೆ ನೆಗೆದು, ಬೆಳಗಿನ ಹೊತ್ತಿಗೆ ಬೆಕ್ಕಿನ ಪಾಲಾಗಿತ್ತು. ಬಿ ಕೌಥರ್ ಸ್ಟೂಲಿನ ಮೇಲೆ ಕೂತು, ಎಡಕ್ಕೆ ಹೊಡಿ, ಬಲಕ್ಕೆ ತಿರುಗು ಎಂದು ಸುಲ್ತಾನನಿಗೆ ಹೇಳಿಕೊಡುತ್ತಿದ್ದರು.

ಉಳಿದವರನ್ನು ಜೀವ ಇರುವಾಗಲೇ ಹಿಡಿದು ಕೊಂಬೊ ಕಡಲಿಗೆ ಬಿಟ್ಟು ಬಂದ. ಸುಲ್ತಾನನ ಮೇಲೂ ಬಲೆ ಎತ್ತಿದ. ಅತ್ತೆ ಬಲೆ ಹಿಡಿದ ಕೈಯನ್ನು ಹಿಡಿದರು.

“ಅವನು ಎಲ್ಲಿಗೂ ಹೋಗಲ್ಲ. ಮನೆಗೆ ಮೊದಲು ಬಂದವನು ಅವನು. ಬೇಕಿದ್ರೆ ಅವನಿಗೆ ಹೊಂದ್ಕೊಂಡು ಹೋಗೋರನ್ನ ಹುಡುಕು.”

“ಅವನಿಗೆ ಹೊಂದೋರು ಯಾರೂ ಇಲ್ಲ ಅತ್ತೆ.”

“ನಿನ್ನನ್ನ ನೋಡಿದಾಗ ನಮ್ಮನೇಲೂ ಹಾಗೇ ಅಂದಿದ್ರು.”

ಆ ಸಂಜೆ ಜಗಲಿಯಲ್ಲಿ ಅಥ್ಮಾನಿ ಬೆಕ್ಕಿನ ಆರೋಗ್ಯ ವಿಚಾರಿಸಿದ. ಹನ್ನೆರಡರಲ್ಲಿ ಹನ್ನೊಂದು ಕಮ್ಮಿ ಆಯಿತೆಂದು ಕೇಳಿಬಂತು, ನಿಜವೇ ಎಂದ. ಕೊಂಬೊ ಕಾಫಿ ಅರ್ಧಕ್ಕೇ ಬಿಟ್ಟು ಎದ್ದ. ಅವನು ಕಾಫಿ ಬಿಟ್ಟ ಸುದ್ದಿ ವಾಸಿನಿ ದ್ವೀಪಕ್ಕೆ ದೋಣಿಗಿಂತ ಮೊದಲು ತಲುಪಿತು. ಹಬ್ಬ ಹತ್ತಿರ ಬರುತ್ತಿತ್ತು, ಕೋಣೆ ದೂರ ಹೋಗುತ್ತಿತ್ತು.

ಮಾರನೆಯ ದಿನ ಬಾವಿಕಟ್ಟೆಯಲ್ಲಿ ಅವನು ರಿಜೀಕಿಯೊಡನೆ ಎಲ್ಲ ಹೇಳಿಕೊಂಡ. ಕಡಲಲ್ಲಿ ಇಷ್ಟು ಸಭ್ಯವಾಗಿರುವ ಪ್ರಾಣಿಗಳು ಪೆಟ್ಟಿಗೆಯೊಳಗೆ ರೌಡಿಗಳಾಗುವುದು ಹೇಗೆಂಬುದೇ ಅವನಿಗೆ ತಿಳಿಯದಾಗಿತ್ತು. ರಿಜೀಕಿ ಹಗ್ಗ ಸೇದುತ್ತ ಕೇಳಿದಳು:

“ಕಡಲಲ್ಲಿ ಅವು ಸಭ್ಯವಾಗಿರೋದನ್ನ ನೀನು ಯಾವತ್ತು ಕೂತು ನೋಡಿದ್ದೀಯ? ಕಂಡ ತಕ್ಷಣ ಬಲೆ ಹಾಕ್ತೀಯ.”

ಕೊಂಬೊ ಅವಳ ಕೈಯಿಂದ ಹಗ್ಗ ತೆಗೆದುಕೊಂಡು ತಾನೇ ನೀರು ಸೇದಿದ. ಶಿಮೋನಿಯ ಇತಿಹಾಸದಲ್ಲಿ ಇದೇ ಮೊದಲು.

ಅವತ್ತು ಅವನು ಬಲೆಯನ್ನು ದೋಣಿಯಲ್ಲೇ ಬಿಟ್ಟು ಬರಿಗೈಯಲ್ಲಿ ಮುಳುಗಿದ. ಅವನನ್ನು ಬಲೆಯಿಲ್ಲದೆ ಕಂಡ ಮೀನುಗಳು ಗಾಬರಿಯಾಗಿ, ನಮ್ಮಲ್ಲೇನು ಕೊರತೆಯಾಯಿತು ಎಂದು ಕೇಳಿದವಂತೆ. ಅವನು ಹವಳದ ಬಂಡೆಗೆ ಒಂದು ಕೈ ಹಿಡಿದು ಸುಮ್ಮನೆ ನೋಡಿದ. ಮುಳುಗಿ ನೋಡಿದ, ಎದ್ದು ಉಸಿರೆಳೆದ, ಮತ್ತೆ ಮುಳುಗಿ ನೋಡಿದ. ಸಭ್ಯತೆ ಎಲ್ಲೂ ಕಾಣಲಿಲ್ಲ. ಅಲ್ಲೂ ಹೊಡೆದಾಟವೇ. ಆದರೆ ಪೆಟ್ಟು ತಿಂದವನಿಗೆ ಓಡಿಹೋಗಲು ಪಕ್ಕದ ಬಂಡೆ ಇತ್ತು, ಅದರ ಪಕ್ಕ ಇನ್ನೊಂದು ಬಂಡೆ, ಅದರಾಚೆ ಜಂಜಿಬಾರಿನ ತನಕ ಬಂಡೆಗಳು. ಅಟ್ಟಿದವನೂ ತನ್ನ ಎರಡು ಮಾರು ಜಾಗ ದಾಟಿ ಬರುತ್ತಿರಲಿಲ್ಲ. ಪೆಟ್ಟಿಗೆಯೇ ಎರಡು ಮಾರಿಲ್ಲ. ಸುಲ್ತಾನನಿಗೆ ಅದು ಪೂರ್ತಿ ತನ್ನದೇ.

ಇನ್ನೂ ಒಂದನ್ನು ಕಂಡ. ಗಾಳಿಗೆ ಗದ್ದೆ ತೂಗುವಂತೆ ಎಸಳು ತೂಗುವ ಒಂದು ದೊಡ್ಡ ಕಡಲಹೂವಿನಲ್ಲಿ ಒಂದು ದಪ್ಪ ಕೋಡಂಗಿ, ಅದರ ಬಾಲ ಹಿಡಿದು ಒಂದು ಪುಟ್ಟ ಕೋಡಂಗಿ. ದಪ್ಪನೆಯದು ಹೆಂಡತಿ, ಪುಟ್ಟದು ಗಂಡ. ಒಂದು ಹೂವಿಗೆ ಒಬ್ಬಳೇ ಯಜಮಾನಿ. ತಾನು ಎರಡು ಹೂವಿನ ಇಬ್ಬರು ಯಜಮಾನಿಯರನ್ನು ತಂದು ಒಂದೇ ಮನೆಗೆ ತುಂಬಿದ್ದು ಹೊಳೆದು ಕೊಂಬೊ ನೀರೊಳಗೇ ನಾಲಿಗೆ ಕಚ್ಚಿಕೊಂಡ. ಅದೇ ಹೂವಿನ ಅಂಚಿನಲ್ಲಿ ಮೂರು ಚುಕ್ಕೆಯ ಕರಿಮರಿಗಳು, ಸುಲ್ತಾನನ ಖಾಸಾ ತಮ್ಮಂದಿರು, ಬಾಡಿಗೆದಾರರಂತೆ ತಲೆ ತಗ್ಗಿಸಿ ಇದ್ದವು. ಒಂದು ಮರಿ ಎಸಳಿನ ಒಳಭಾಗಕ್ಕೆ ಬಂದರೆ ಯಜಮಾನಿ ಒಮ್ಮೆ ಮುಖ ತಿರುಗಿಸಿ ನೋಡುತ್ತಿದ್ದಳು. ಅಷ್ಟೇ. ಮರಿ ಹಿಂದಕ್ಕೆ ಸರಿಯುತ್ತಿತ್ತು. ಆ ನೋಟವನ್ನು ಕೊಂಬೊ ಮನೆಯಲ್ಲಿ ದಿನಾ ಕಾಣುತ್ತಿದ್ದ.

ಸುಲ್ತಾನನಿಗೆ ತಕ್ಕವರು ಸಿಕ್ಕಿದರು. ಆದರೆ ಈಗ ಅವರನ್ನು ತಂದು ಬಿಟ್ಟರೆ ಮನೆ ಸುಲ್ತಾನನದು, ಅವರು ಹೊಸಬರು. ಬಾವಿಕಟ್ಟೆಯಲ್ಲಿ ಮತ್ತೆ ಸಭೆ ಸೇರಿತು. ರಿಜೀಕಿ ಒಂದು ಸಂಗತಿ ಹೇಳಿದಳು. ಹಿಂದೆ ಒಮ್ಮೆ ಅವಳ ತಂದೆಯ ಕಡೆಯ ಇಬ್ಬರು ಚಿಕ್ಕಮ್ಮಂದಿರು ಹಬ್ಬಕ್ಕೆ ಬಂದು, ಕಿಟಕಿಯ ಪಕ್ಕದ ಮಂಚ ಯಾರದೆಂದು ಕಾದಾಡಿ ಊರು ಸೇರಿಸಿದ್ದರಂತೆ. ಬಿ ಕೌಥರ್ ಇಬ್ಬರನ್ನೂ ಹೊರಗೆ ಕೂರಿಸಿ, ಮಂಚ ಪೆಟಾರಿಗಳನ್ನೆಲ್ಲ ಅಂಗಳಕ್ಕೆ ಹಾಕಿಸಿ, ಕೋಣೆ ಗುಡಿಸಿ, ಎಲ್ಲವನ್ನೂ ಬೇರೆ ಬೇರೆ ಜಾಗದಲ್ಲಿ ಇರಿಸಿ ಒಳಗೆ ಬಿಟ್ಟರು. ತನ್ನ ಮಂಚ ಯಾವುದೆಂದೇ ತಿಳಿಯದೆ ಇಬ್ಬರೂ ಸುಮ್ಮನೆ ಮಲಗಿಬಿಟ್ಟರು.

ಕೊಂಬೊ ಹಾಗೆಯೇ ಮಾಡಿದ. ಸುಲ್ತಾನನನ್ನು ಹಿಡಿದು ತೂತಿನ ಬಾಟಲಿಗೆ ಹಾಕಿ ಪೆಟ್ಟಿಗೆಯ ಒಂದು ಮೂಲೆಯಲ್ಲಿ ತೇಲಿಬಿಟ್ಟ. ಕಲ್ಲುಗಳನ್ನೆಲ್ಲ ಕಿತ್ತು ಎಡದ್ದು ಬಲಕ್ಕೆ, ಕೆಳಗಿನದು ಮೇಲಕ್ಕೆ ಪೇರಿಸಿ, ನಡುವೆ ಕಡಲಿನಿಂದ ತಂದ ಆ ಹೂವನ್ನು ಕೂರಿಸಿದ. ಸ್ಟೂಲಿನ ಸದ್ದು ಕೇಳಿತು.

“ನನ್ನ ಸುಲ್ತಾನನ್ನ ಜೈಲಿಗೆ ಯಾಕೆ ಹಾಕ್ದೆ?”

“ಜೈಲಲ್ಲ ಅತ್ತೆ, ಪಲ್ಲಕ್ಕಿ. ಅರಮನೆ ರಿಪೇರಿ ಆಗೋವರೆಗೂ.”

ಮೊದಲು ಒಂದು ಮೂಕಜೋಡಿಯನ್ನು ಬಿಟ್ಟ. ಕುರುಡು ಸಿಗಡಿಯೊಂದು ದಿನವಿಡೀ ಮರಳು ತೋಡುತ್ತದೆ, ಬೆರಳುದ್ದದ ಕಾವಲು ಮೀನೊಂದು ಬಿಲದ ಬಾಯಲ್ಲಿ ಕೂತು ಕಾಯುತ್ತದೆ. ನೆಲ ಬಿಟ್ಟು ಮೇಲೇಳುವುದಿಲ್ಲ, ಯಾರ ತಂಟೆಗೂ ಹೋಗುವುದಿಲ್ಲ. ಅವಕ್ಕೆ ನೆಲೆ ಸಿಕ್ಕ ಮೇಲೆ ಒಂದೇ ಹೂವಿನ ಕೋಡಂಗಿ ದಂಪತಿಯನ್ನು ಬಿಟ್ಟ. ಯಜಮಾನಿ ಹೂವನ್ನು ಒಮ್ಮೆ ಸುತ್ತಿ, ಗಂಡನನ್ನು ಒಮ್ಮೆ ಗದರಿಸಿ, ಸಂಸಾರ ಹೂಡಿಬಿಟ್ಟಳು. ಇನ್ನೇನೂ ಹಾಕಲಿಲ್ಲ. ಹನ್ನೆರಡು ಹೇಳಿದವನು ನಾಲ್ಕು ಮೀನಿಗೆ ನಿಲ್ಲಿಸಿದ್ದು ಕೊಂಬೊನ ಬದುಕಿನಲ್ಲೇ ದೊಡ್ಡ ತ್ಯಾಗ. ಬೆಕ್ಕಿನ ನೆನಪಿಗೆ ಮೇಲೆ ಬಲೆಯ ಮುಚ್ಚಳ ಬಿಗಿದ. ಎಲ್ಲರೂ ಹಳಬರಾದ ಮೇಲೆ ಪಲ್ಲಕ್ಕಿಯ ಬಾಯಿ ತೆರೆದ.

ಸುಲ್ತಾನ ಠೀವಿಯಿಂದ ಹೊರಬಂದ, ತನ್ನ ಹಳೆಯ ಗುಹೆಯಿದ್ದ ಕಡೆ ಹೋದ, ಅಲ್ಲಿ ಬರೀ ಮರಳಿತ್ತು. ಹೂವಿನತ್ತ ನುಗ್ಗಿದ. ಯಜಮಾನಿ ಮುಖ ತಿರುಗಿಸಿ ನೋಡಿದಳು. ಸಾಲದೆಂದು ಕಂಡಿತೋ ಏನೋ, ಒಮ್ಮೆ ಬೆನ್ನಟ್ಟಿಯೂ ಬಂದಳು. ಸುಲ್ತಾನ ಮೂಲೆ ಸೇರಿದ. ಎರಡು ದಿನದಲ್ಲಿ ಹೂವಿನ ಅಂಚಿನಲ್ಲಿ ಒಂದು ಎಸಳಿನಷ್ಟು ಜಾಗ ಸಿಕ್ಕಿತು. ಮತ್ತೆ ಜಗಳವಾಗಲಿಲ್ಲ. ಪೆಟ್ಟಿಗೆಯಲ್ಲಿ ಎಂಥ ಶಾಂತಿಯೆಂದರೆ, ಜಗಳವಾಡಿದ ಗಂಡ ಹೆಂಡಿರನ್ನು ಕಾಜಿಯೇ ಅದರ ಮುಂದೆ ಕೂರಿಸಿ ಹೋಗುತ್ತಿದ್ದನಂತೆ.

ಬಿ ಕೌಥರ್ ಮಾತ್ರ ಯಜಮಾನಿಯನ್ನು ಕಣ್ಣೆತ್ತಿ ನೋಡಲಿಲ್ಲ.

ಮೌಲಿದ್ ದಿನ ದಫ್ ಬಾರಿಸುತ್ತ ಹಾಡುವವರು ಬೀದಿಯಲ್ಲಿ ಹಾದುಹೋದ ಮೇಲೆ ಅತ್ತೆ ಹೊಸ ಕನ್ನಡಕ ಹಾಕಿಕೊಂಡು ಮುಂಗೋಣೆಗೆ ಬಂದರು. ಸಾಕ್ಷಿಗೆ ಅಥ್ಮಾನಿ. ಕೊಂಬೊನ ಕಣ್ಣು ಅತ್ತೆಯ ಸೊಂಟದ ಕೀಲಿಯ ಮೇಲೆ, ರಿಜೀಕಿಯ ಕಣ್ಣು ಬಾಗಿಲಿನ ಅಗುಳಿಯ ಮೇಲೆ. ಕಲ್ಲು, ಹೂವು, ಮೀನು ಸೇರಿ ಪೆಟ್ಟಿಗೆ ತುಂಬಿತ್ತು, ಕಾವಲು ಮೀನಿನ ಬಾಲ ಇಡಿಯಾಗಿತ್ತು. ಯಜಮಾನಿಯದು ಬೀಸಣಿಗೆಯಂತಿತ್ತು. ಗಂಡನದೂ ಸರಿ. ಅತ್ತೆ ಸುಲ್ತಾನನ ಹತ್ತಿರ ಬಂದು ಗಾಜಿಗೆ ಮೂಗು ಒತ್ತಿದರು. ಎಷ್ಟು ಹೊತ್ತು ಒತ್ತಿದರೆಂದರೆ ಹೊರಗೆ ಭರತ ಇಳಿದು ಮತ್ತೆ ಏರಿತು.

“ಇಲ್ಲಿ ನೋಡು ಅಥ್ಮಾನಿ. ಬಾಲದ ತುದಿ.”

ಅಥ್ಮಾನಿ ನೋಡಿದ. ಒಂದು ಅಕ್ಕಿಕಾಳಿನ ಕಾಲು ಭಾಗದಷ್ಟು ಕಚ್ಚು. ಯಜಮಾನಿ ಮೊದಲ ದಿನ ಬೆನ್ನಟ್ಟಿದಾಗ ಆದದ್ದಿರಬೇಕು. ಇಲ್ಲವೆನ್ನಲು ಅವನಿಗೆ ಆಸೆ, ಎಷ್ಟಾದರೂ ಭಾವ. ಆದರೆ ಇತ್ತು.

ಬಿ ಕೌಥರ್ ನೆಟ್ಟಗೆ ನಿಂತರು. ಮಾತೆಂದರೆ ಮಾತು, ಬಾಲ ಹರಿದಿದೆ, ಕೋಣೆ ಸಿಗುವುದಿಲ್ಲ ಎಂದರು. ಕೊಂಬೊನ ಮುಖ ಬಿದ್ದುದನ್ನು ಎತ್ತಲು ನಾಲ್ಕು ಆಳು ಬೇಕಿತ್ತು. ಅತ್ತೆ ಅಲ್ಲಿಗೇ ನಿಲ್ಲಿಸಲಿಲ್ಲ.

“ಈ ಹೆಂಗಸಿನ ಜೊತೆ ನನ್ನ ಸುಲ್ತಾನನ್ನ ಒಂಟಿಯಾಗಿ ಬಿಟ್ಟು ನಾನು ಒಳಗೆ ನಿದ್ದೆ ಮಾಡ್ತೀನಾ? ಪೆಟ್ಟಿಗೆ ಇಲ್ಲೇ ಇರಲಿ. ನನ್ನ ಮಂಚ ತಂದು ಇದರ ಪಕ್ಕ ಹಾಕಿ. ಇವತ್ತಿಂದ ನಾನು ಇಲ್ಲೇ ಮಲಗೋದು.”

ಆ ಕಚ್ಚು ಹಳೆಯದು, ಕಡಲಿನಿಂದ ಬರುವಾಗಲೇ ಇತ್ತು, ಅದು ಕಚ್ಚೇ ಅಲ್ಲ ಎಂದು ಮೂರು ವಾದಗಳನ್ನು ಸಿದ್ಧಮಾಡಿಕೊಂಡು ಕೊಂಬೊ ಬಾಯಿ ತೆರೆದ. ರಿಜೀಕಿ ಅವನ ಪಾದದ ಮೇಲೆ ಕಾಲಿಟ್ಟು ಒತ್ತಿದಳು. ವಾದಗಳು ಒಳಗೇ ಉಳಿದವು. ಅತ್ತೆ ಏನಂದರೆಂಬುದು ಆಗ ಅವನ ತಲೆಗೆ ಹೊಕ್ಕಿತು.

ಮಂಚವನ್ನು ಕೊಂಬೊ ಮತ್ತು ಅಥ್ಮಾನಿ ಹೊತ್ತು ತಂದರು. ಹಾಸಿಗೆ, ದಿಂಬು, ಪೆಟಾರಿ, ಎಲ್ಲ ಬಂತು. ಒಳಕೋಣೆ ಒಮ್ಮೆಲೇ ಸುಲ್ತಾನರ ದರ್ಬಾರಿನಷ್ಟು ದೊಡ್ಡದಾಯಿತು. ಅದಕ್ಕೂ ಒಂದು ಬಾಗಿಲಿತ್ತು. ಇಷ್ಟು ದಿನ ಅತ್ತೆಯ ಪೆಟಾರಿ ಅಡ್ಡವಿದ್ದುದರಿಂದ ಯಾರೂ ಅದನ್ನು ಮುಚ್ಚಿರಲಿಲ್ಲ. ರಿಜೀಕಿ ಪರದೆ ಬಿಚ್ಚಿ ಮಡಚುತ್ತಿದ್ದಳು. ಕೊಂಬೊ ಎದೆಯುಬ್ಬಿಸಿ, ಇದೆಲ್ಲ ಮೊದಲಿನಿಂದಲೂ ತನ್ನ ಉಪಾಯವೇ ಆಗಿತ್ತೆಂದು ಜಗಲಿಗೆ ಹೋಗಿ ಹೇಳಿಬರುತ್ತೇನೆಂದು ಹೊರಟ. ಅವಳು ಅವನ ಅಂಗಿ ಹಿಡಿದಳು.

“ಮುಖ ಇಳಿಸ್ಕೊ.”

“ಯಾಕೆ?”

“ನೀನು ಸೋತಿದ್ದೀಯ. ನಾವು ಖುಷಿಯಾಗಿದ್ದೀವಿ ಅಂತ ಅಮ್ಮನ ಕಿವಿಗೆ ಬಿದ್ರೆ ಮಂಚ ನಾಳೆ ಬೆಳಿಗ್ಗೆ ವಾಪಸ್ ಬರುತ್ತೆ.”

“ಎಷ್ಟು ದಿನ ಇಳಿಸ್ಕೊಂಡಿರ್ಲಿ?”

“ಸುಲ್ತಾನ ಬದುಕಿರೋವರೆಗೂ.”

ಆ ಜಾತಿಯ ಮೀನು ಚೆನ್ನಾಗಿ ನೋಡಿಕೊಂಡರೆ ಬಹಳ ವರ್ಷ ಬಾಳುತ್ತದೆಂದು ಕೊಂಬೊನಿಗೆ ಗೊತ್ತಿತ್ತು. ಅದು ನೂರು ವರ್ಷ ಬಾಳಲಿ ಎಂದು ಅವನು ಬೇಡಿಕೊಂಡದ್ದೂ ನಿಜ, ಅಷ್ಟೂ ವರ್ಷ ಬಡಾಯಿ ಬಿಟ್ಟಿರಬೇಕಲ್ಲ ಎಂದು ಲೆಕ್ಕ ಹಾಕಿದ್ದೂ ನಿಜ.

ಸಂಜೆ ಜಗಲಿಯಲ್ಲಿ ಹಬ್ಬದ ಹಲ್ವ ಹಂಚುತ್ತಿದ್ದರು. ಅಥ್ಮಾನಿ ನಡುವೆ ಕೂತು ಅಕ್ಕಿಕಾಳಿನ ಕಚ್ಚನ್ನು ಮೊಳದುದ್ದ ಮಾಡಿ ಬಣ್ಣಿಸುತ್ತಿದ್ದ. ಕಡಲಿನ ಶೂರನನ್ನು ಹೆಬ್ಬೆರಳಿನಷ್ಟು ಮೀನು ಸೋಲಿಸಿತು ಎಂದ. ಪಾಪ, ಕೋಣೆಯೂ ಹೋಯಿತು, ಮರ್ಯಾದೆಯೂ ಹೋಯಿತು ಎಂದ. ಏನು ಭಾವ, ಬಾಯಿಗೂ ಬಲೆಯ ಮುಚ್ಚಳ ಬಿಗಿದಿದ್ದಾರಾ ಎಂದು ಕೇಳಿದ. ಜಗಲಿಯೆಲ್ಲ ಕೊಂಬೊನ ಮರುಮಾತಿಗೆ ಕಿವಿ ತೆರೆದು ಕೂತಿತು.

ಕೊಂಬೊ ಆಕಾಶ ನೋಡಿದ, ನೆಲ ನೋಡಿದ. ಜಗತ್ತಿನಲ್ಲಿ ಈವರೆಗೆ ಯಾರೂ ಕೊಚ್ಚಿರದಷ್ಟು ದೊಡ್ಡ ಬಡಾಯಿ ಅವನ ಹಲ್ಲಿನ ಹಿಂದೆ ನಿಂತು ಒದ್ದಾಡುತ್ತಿತ್ತು. ಅದರ ಮೇಲೆ ಹಲ್ವದ ದೊಡ್ಡ ತುಂಡೊಂದನ್ನು ತುರುಕಿ, ಕಾಫಿ ಹುಯ್ದು ನುಂಗಿದ.

“ಸೋತೆ ಮಾರಾಯ,” ಎಂದ ಮೆಲ್ಲಗೆ. “ಇನ್ನು ಮಲಗಲಿಕ್ಕೆ ಹೋಗ್ತೀನಿ.”

ಹೊತ್ತು ಇನ್ನೂ ಮುಳುಗಿರಲಿಲ್ಲ.